ಬೀಜದ ಹೋರಿ: ಆಯ್ಕೆ ಮತ್ತು ಆಹಾರ



ಈ ಮಾತುಗಳನ್ನು ಕಿರುತೆರೆಯ ಮೇಲೆ ಕೇಳಿದವರಿಗೆ ಆರಂಭದಲ್ಲಿ ತೋರಿಸಿದ ದನಗಳ ಜಾತ್ರೆಯ ದೃಶ್ಯ ನೆನಪಿರಬಹುದು. ಚಪ್ಪರದ ನೆರಳಿನಲ್ಲಿ ಒಂದು ಹಳ್ಳಿಕಾರ್ ಹೋರಿ ನಿಂತಿದೆ. ಕೊಂಬಿಗೆ ಎಣ್ಣೆ, ಕೊರಳಿಗೆ ಗೆಜ್ಜೆ, ಮೈಮೇಲೆ ಕೈ ಇಟ್ಟರೆ ಜಾರುವಂಥ ಹೊಳಪು. ಸುತ್ತ ನಿಂತವರೆಲ್ಲ ಅದರ ಮುಖವನ್ನೇ ನೋಡುತ್ತಿದ್ದಾರೆ. ಹಿಂದೆ ಹೋಗಿ ಬಗ್ಗಿ ನೋಡುತ್ತಿರುವವನು ಒಬ್ಬನೇ ಒಬ್ಬ ಮುದುಕ. ಛಾಯಾಗ್ರಾಹಕರು ಆ ಮುದುಕನನ್ನು ಚೌಕಟ್ಟಿನಿಂದ ಹೊರಗಿಡಲು ನೋಡಿದರು. ನಾನೇ ಬೇಡವೆಂದು ತಡೆದೆ. ಅವನು ನೋಡುತ್ತಿದ್ದುದೇ ನಮ್ಮ ಕಾರ್ಯಕ್ರಮದ ವಿಷಯವಾಗಿತ್ತು. ಸಮಯದ ಅಭಾವದಿಂದ ತೆರೆಯ ಮೇಲೆ ಹೇಳಲಾಗದೆ ಹೋದ ಕೆಲವು ಸಂಗತಿಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಮೊದಲು ಒಂದೆರಡು ಪದಗಳು. ಪಟ್ಟಣದಲ್ಲಿ ಬೆಳೆದವರು ಎತ್ತು, ಹೋರಿ ಎರಡೂ ಒಂದೇ ಎಂದುಕೊಳ್ಳುವುದುಂಟು. ಬೀಜ ಒಡೆಸಿದ್ದು ಎತ್ತು, ಒಡೆಸದೆ ಉಳಿಸಿಕೊಂಡದ್ದು ಹೋರಿ. ಹಸುಗಳಿಗೆ ಬಿಡುವುದಕ್ಕೆಂದೇ ಆರಿಸಿ ಸಾಕಿದ್ದು ಬೀಜದ ಹೋರಿ. ಮಾಗಡಿ, ಕುಣಿಗಲ್, ನಾಗಮಂಗಲದ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಅಲ್ಲಲ್ಲಿ ಒಬ್ಬರ ಮನೆಯಲ್ಲಿ ಬೀಜದ ಹೋರಿ ಇರುತ್ತದೆ. ಸುತ್ತಲಿನವರು ಬೆದೆಗೆ ಬಂದ ಹಸುವನ್ನು ಹೊಡೆದುಕೊಂಡು ಅಲ್ಲಿಗೆ ಬರುತ್ತಾರೆ, ಹಣ ಕೊಟ್ಟು ಹೋರಿ ಕೊಡಿಸಿಕೊಂಡು ಹೋಗುತ್ತಾರೆ.

ಒಂದು ಹೋರಿಗೆ ಇಷ್ಟು ಮಹತ್ವ ಏಕೆ? ಇದಕ್ಕೆ ಉತ್ತರ ಸರಳ ಗಣಿತದಲ್ಲಿದೆ. ಹತ್ತು ಹಸುಗಳ ಒಂದು ಸಣ್ಣ ಹಿಂಡು ಇದೆ ಎನ್ನಿ. ಒಂದು ಹಸು ವರ್ಷಕ್ಕೆ ಹೆಚ್ಚೆಂದರೆ ಒಂದು ಕರು ಹಾಕುತ್ತದೆ. ಅದರ ಗುಣ ಹೋಗುವುದು ಆ ಒಂದು ಕರುವಿಗೆ ಮಾತ್ರ. ಹೋರಿಯ ಗುಣವಾದರೋ ಹತ್ತೂ ಕರುಗಳಿಗೆ ಹೋಗುತ್ತದೆ. ಆ ಕರುಗಳ ವಂಶವಾಹಿಗಳಲ್ಲಿ ಅರ್ಧ ಅದೊಂದರದೇ. ಅವುಗಳಲ್ಲಿ ಹೆಣ್ಣುಗರುಗಳನ್ನು ಉಳಿಸಿಕೊಂಡು, ಅವು ಬೆಳೆದ ಮೇಲೆ ಎರಡನೆಯ ಹೋರಿಯನ್ನು ತಂದರೆ, ಆಗ ಹುಟ್ಟುವ ಕರುವಿನಲ್ಲಿ ಅರ್ಧ ಎರಡನೆಯ ಹೋರಿಯದು, ಕಾಲು ಭಾಗ ಮೊದಲನೆಯದರದು. ಮೂರನೆಯದು ಬಂದಾಗ ಲೆಕ್ಕ ಹಾಕಿ ನೋಡಿ: ಅರ್ಧ, ಕಾಲು, ಅರೆಕಾಲು ಸೇರಿ ಶೇಕಡಾ 87.5. ಹಸುಗಳನ್ನು ಒಂದನ್ನೂ ಕೊಳ್ಳದೆ, ಬರೀ ಮೂರು ಹೋರಿಗಳಿಂದ ಇಡೀ ಹಿಂಡು ಬೇರೆಯೇ ಹಿಂಡಾಗಿಬಿಡುತ್ತದೆ. ಒಳ್ಳೆಯದಕ್ಕೂ ಹೌದು, ಕೆಟ್ಟದ್ದಕ್ಕೂ ಹೌದು.

ಈ ಗಣಿತ ಎಷ್ಟು ಬಲವಾದದ್ದು ಎಂಬುದಕ್ಕೆ ನಮಗೂ ಸಂಬಂಧವಿರುವ ಒಂದು ಉದಾಹರಣೆ ಇದೆ. ಮಾಂಸಕ್ಕಾಗಿ ದನದ ಹಿಂಡು ಸಾಕುವ ಪದ್ಧತಿ ನಮ್ಮ ನಾಡಿನದಲ್ಲ. ಅಮೆರಿಕ, ಬ್ರೆಜಿಲ್, ಆಸ್ಟ್ರೇಲಿಯಾಗಳಲ್ಲಿ ಅದು ದೊಡ್ಡ ಉದ್ಯಮ. ಅಮೆರಿಕದ ದಕ್ಷಿಣ ರಾಜ್ಯಗಳ ಬಿಸಿಲು, ಉಣ್ಣೆಗಳ ಕಾಟ ಯುರೋಪಿನ ತಳಿಗಳಿಗೆ ತಡೆಯದಾದಾಗ ಅಲ್ಲಿನವರು ಭಾರತದ ದನಗಳನ್ನು ತರಿಸಿಕೊಂಡರು. 1854ರಿಂದ 1926ರವರೆಗೆ ಅಲ್ಲಿಗೆ ಹೋದ ದನಗಳ ಸಂಖ್ಯೆ 300ಕ್ಕೂ ಕಡಿಮೆ, ಅವುಗಳಲ್ಲಿ ಹೆಚ್ಚಿನವು ಹೋರಿಗಳು. ಗುಜರಾತಿನ ಗಿರ್ ಮತ್ತು ಕಾಂಕ್ರೇಜ್, ಆಂಧ್ರದ ಓಂಗೋಲ್, ಇವುಗಳ ಜೊತೆಗೆ ನಮ್ಮ ಉತ್ತರ ಕರ್ನಾಟಕದ ಕೃಷ್ಣಾ ಕಣಿವೆ ತಳಿಯ ರಕ್ತವೂ ಸೇರಿ ಅಲ್ಲಿ ‘ಬ್ರಾಹ್ಮನ್’ ಎಂಬ ತಳಿಯಾಯಿತು. ಇಂದು ಅದು ಹಲವು ದೇಶಗಳಲ್ಲಿ ಲಕ್ಷಗಟ್ಟಲೆ ಇದೆ. ಮೂಲದ ಕೃಷ್ಣಾ ಕಣಿವೆ ದನಗಳನ್ನು ಮಾತ್ರ ಬಾಗಲಕೋಟೆ, ಬೆಳಗಾವಿ, ವಿಜಯಪುರದ ಕಡೆ ಹುಡುಕಿಕೊಂಡು ಹೋಗಬೇಕಾಗಿದೆ.

ಇನ್ನು ನಮ್ಮ ಮನೆಯ ಕತೆಗೆ ಬರೋಣ. ಇದನ್ನು ಹೇಳಲು ನನಗೆ ಸ್ವಲ್ಪ ಸಂಕೋಚ. ಆದರೆ ಪಠ್ಯಪುಸ್ತಕದಲ್ಲಿ ಓದಿದ ಜೀವಶಾಸ್ತ್ರ ನನಗೆ ಮೊದಲ ಬಾರಿ ನಿಜವಾಗಿ ಕಂಡದ್ದು ಆ ದಿನ.

2001ರಲ್ಲಿ ನಾನು ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದೆ. ಕುಣಿಗಲ್ ತಾಲ್ಲೂಕಿನ ನಮ್ಮೂರಿನಲ್ಲಿ ದೊಡ್ಡಪ್ಪನಿಗೆ ಆರು ಹಳ್ಳಿಕಾರ್ ಹಸುಗಳಿದ್ದವು. ಆ ವರ್ಷದ ಒಂದು ಜಾತ್ರೆಯಲ್ಲಿ ಬಹುಮಾನ ಬಂದಿದ್ದ ನಾಲ್ಕು ಹಲ್ಲಿನ ಹೋರಿಯನ್ನು ಅವರು ಸಾಲ ಮಾಡಿ ಕೊಂಡು ತಂದರು. ಮನೆಯ ಮುಂದೆ ಜನವೋ ಜನ. ಅಂಥ ಮೈಕಟ್ಟು ಆ ಸೀಮೆಯಲ್ಲೇ ಇರಲಿಲ್ಲ. ಮಾರಿದವರು ಅದಕ್ಕೆ ದಿನವೂ ಏನೇನು ಕೊಡುತ್ತಿದ್ದರೆಂದು ಕೇಳಿಕೊಂಡು ಬಂದಿದ್ದ ದೊಡ್ಡಪ್ಪ ಒಂದೂ ತಪ್ಪದಂತೆ ಅದನ್ನೇ ಮುಂದುವರಿಸಿದರು. ನೆನೆಸಿದ ಹತ್ತಿಕಾಳು, ಬೇಯಿಸಿದ ಹುರುಳಿ, ರವೆಬೂಸ, ಮೊಟ್ಟೆ, ಬೆಣ್ಣೆ. ಬಿಸಿಲಿಗೆ ಬಣ್ಣ ಕೆಡುತ್ತದೆಂದು ಕೊಟ್ಟಿಗೆಯಿಂದ ಆಚೆ ಬಿಡುತ್ತಿರಲಿಲ್ಲ.

ಮೂರು ತಿಂಗಳಲ್ಲಿ ನಮ್ಮವೂ ಊರಿನವೂ ಸೇರಿ ಹದಿನಾಲ್ಕು ಹಸುಗಳಿಗೆ ಹೋರಿ ಕೊಡಿಸಿದ್ದಾಯಿತು. ಹನ್ನೊಂದು ಮತ್ತೆ ಬೆದೆಗೆ ಬಂದವು. ಹಸುವಿನ ಬೆದೆಯ ಚಕ್ರ ಸುಮಾರು 21 ದಿನ. ಗಬ್ಬ ಕಟ್ಟದಿದ್ದರೆ ಮೂರು ವಾರಕ್ಕೆ ಮತ್ತೆ ಕೂಗುತ್ತದೆ. ಒಂದೆರಡು ಬಂದಿದ್ದರೆ ಹಸುವಿನ ದೋಷ ಎನ್ನಬಹುದಿತ್ತು. ಬಂದವರೆಲ್ಲ ಮೊದಲು ಹಾಗೇ ಅಂದುಕೊಂಡು ಸುಮ್ಮನಿದ್ದರು. ಎರಡನೆಯ ಸಲ, ಮೂರನೆಯ ಸಲ ಹೊಡೆದುಕೊಂಡು ಬಂದರು. ಕೊನೆಗೆ ಒಬ್ಬೊಬ್ಬರೇ ಬರುವುದನ್ನು ನಿಲ್ಲಿಸಿದರು. ಊರಿನಲ್ಲಿ ಒಬ್ಬ ಅಜ್ಜಿಗೆ ಇದ್ದದ್ದು ಒಂದೇ ಹಸು. ಅದರ ಕರು ಮಾರಿ ಮೊಮ್ಮಗಳನ್ನು ಹಾಸ್ಟೆಲಿಗೆ ಸೇರಿಸುವ ಲೆಕ್ಕ ಹಾಕಿದ್ದಳು. ಆಕೆ ಬಂದು ಜಗಳವಾಡಲಿಲ್ಲ. ಜಗುಲಿಯ ಮೇಲೆ ಕೂತು, ‘ಈ ವರ್ಷಾನೂ ಬರಡು ಬಿತ್ತಲ್ಲಪ್ಪ’ ಎಂದು ಹೇಳಿ ಎದ್ದು ಹೋದಳು. ಅದಾದ ಮರುದಿನವೇ ದೊಡ್ಡಪ್ಪ ತಾಲ್ಲೂಕಿನ ಪಶುವೈದ್ಯರನ್ನು ಕರೆಸಿದ್ದು.

ವೈದ್ಯರು ಹೋರಿಯನ್ನು ಕಂಬಕ್ಕೆ ಕಟ್ಟಿಸಿ, ಹಿಂದೆ ಕೂತು, ವೃಷಣಚೀಲವನ್ನು ಕೈಯಿಂದ ಮೆಲ್ಲಗೆ ಕೆಳಕ್ಕೆಳೆದು ಟೇಪಿನಿಂದ ಸುತ್ತಳತೆ ತೆಗೆದರು. ಆಮೇಲೆ ಚೀಲದ ಮೇಲ್ಭಾಗವನ್ನು, ಅಂದರೆ ಅದರ ಕತ್ತನ್ನು, ಬಹಳ ಹೊತ್ತು ಒತ್ತಿ ನೋಡಿದರು.

‘ಅಳತೆ ಚೆನ್ನಾಗೇ ಬರ್ತಿದೆ ಗೌಡ್ರೇ, ಆದ್ರೆ ಇದ್ರಲ್ಲಿ ಅರ್ಧ ಬೀಜ ಅಲ್ಲ, ಕೊಬ್ಬು’ ಎಂದರು.

‘ಇಂಥಾ ಹೋರಿಗೆ ಏನ್ ಕಮ್ಮಿ ಆಗಿದೆ ಡಾಕ್ಟ್ರೇ?’

‘ಕಮ್ಮಿ ಏನೂ ಆಗಿಲ್ಲ. ಜಾಸ್ತಿ ಆಗಿದೆ.’

ಎರಡು ದಿನ ಬಿಟ್ಟು ವೀರ್ಯದ ಪರೀಕ್ಷೆ ನಡೆಯಿತು. ನಾನು ವಿಜ್ಞಾನದ ವಿದ್ಯಾರ್ಥಿ ಎಂದು ತಿಳಿದು ವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡಲು ನನ್ನನ್ನೂ ಕರೆದರು. ಒಳ್ಳೆಯ ಹೋರಿಯ ವೀರ್ಯದ ಒಂದು ಹನಿಯನ್ನು ಕಡಿಮೆ ವರ್ಧನೆಯಲ್ಲಿ ನೋಡಿದರೆ ಬಿರುಗಾಳಿಗೆ ಸಿಕ್ಕ ಮೋಡದಂತೆ ಅಲೆ ಅಲೆಯಾಗಿ ಸುಳಿ ಸುತ್ತುತ್ತಿರುತ್ತದೆ. ನನಗೆ ಕಂಡದ್ದು ಹಾಗಿರಲಿಲ್ಲ. ಕೆರೆಯ ನೀರಿನಂತೆ ನಿಂತಿತ್ತು. ವರ್ಧನೆ ಹೆಚ್ಚಿಸಿದಾಗ ಒಂದೊಂದೇ ವೀರ್ಯಾಣು ಕಾಣಿಸಿತು. ಬಹಳಷ್ಟು ನಿಶ್ಚಲ, ಕೆಲವಕ್ಕೆ ಬಾಲ ಮಡಿಸಿಕೊಂಡಿತ್ತು, ಕೆಲವು ನಿಂತಲ್ಲೇ ನಡುಗುತ್ತಿದ್ದವು. ಹೋರಿಯನ್ನು ಒಪ್ಪಲು ವೀರ್ಯಾಣುಗಳಲ್ಲಿ ಶೇಕಡಾ 30ರಷ್ಟಾದರೂ ಮುಂದಕ್ಕೆ ಚಲಿಸುತ್ತಿರಬೇಕು, ಶೇಕಡಾ 70ರಷ್ಟಾದರೂ ಸರಿಯಾದ ಆಕಾರದಲ್ಲಿರಬೇಕು ಎಂಬುದು ಇಂಥ ಪರೀಕ್ಷೆಗೆ ಬಳಸುವ ಕನಿಷ್ಠ ಮಟ್ಟ. ದೊಡ್ಡಪ್ಪನ ಹೋರಿ ಎರಡರಲ್ಲೂ ನಪಾಸಾಯಿತು.

ಏಕೆ ಹೀಗಾಯಿತು? ವೃಷಣಗಳು ದೇಹದ ಹೊರಗೆ ಚೀಲದಲ್ಲಿ ತೂಗುತ್ತಿರುವುದಕ್ಕೆ ಕಾರಣವಿದೆ. ಹಸು ಹೋರಿಗಳ ದೇಹದ ಉಷ್ಣತೆ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ವೀರ್ಯಾಣುಗಳು ಸರಿಯಾಗಿ ತಯಾರಾಗಲು ಅದಕ್ಕಿಂತ ನಾಲ್ಕೈದು ಡಿಗ್ರಿ ಕಡಿಮೆ ಇರಬೇಕು. ಪ್ರಕೃತಿ ಇದಕ್ಕೆ ಮಾಡಿರುವ ಏರ್ಪಾಡು ಚೀಲದ ಕತ್ತಿನಲ್ಲಿದೆ. ಬಿಸಿರಕ್ತವನ್ನು ಕೆಳಗೆ ತರುವ ಅಪಧಮನಿ ಅಲ್ಲಿ ಸುರುಳಿ ಸುತ್ತಿಕೊಂಡಿದೆ. ಕೆಳಗಿನಿಂದ ತಂಪಾದ ರಕ್ತವನ್ನು ಮೇಲಕ್ಕೊಯ್ಯುವ ಅಭಿಧಮನಿಗಳು ಬಲೆಯಂತೆ ಅದನ್ನು ಮುತ್ತಿಕೊಂಡಿವೆ. ಎದುರುಬದುರಾಗಿ ಹರಿಯುವ ಎರಡು ರಕ್ತಪ್ರವಾಹಗಳ ನಡುವೆ ಶಾಖ ವಿನಿಮಯವಾಗಿ, ವೃಷಣ ತಲುಪುವ ಹೊತ್ತಿಗೆ ರಕ್ತ ತಂಪಾಗಿರುತ್ತದೆ. ಭೌತಶಾಸ್ತ್ರದ ತರಗತಿಯಲ್ಲಿ ಶಾಖ ವಿನಿಮಯದ ಪಾಠ ಬಂದಾಗ ಇದನ್ನು ನೆನಪಿಸಿಕೊಳ್ಳಿ. ಹೋರಿಗೆ ಅತಿಯಾಗಿ ತಿನ್ನಿಸಿದಾಗ ಕೊಬ್ಬು ಬಂದು ಕೂರುವ ಜಾಗಗಳಲ್ಲಿ ಈ ಕತ್ತೂ ಒಂದು. ಅಲ್ಲಿಗೆ ಕಂಬಳಿ ಹೊದಿಸಿದಂತಾಗುತ್ತದೆ. ಜಾತ್ರೆಯಲ್ಲಿ ಬಹುಮಾನ ತಂದುಕೊಟ್ಟ ಕೊಬ್ಬೇ ಒಳಗೆ ವೀರ್ಯಾಣುಗಳನ್ನು ಬೇಯಿಸುತ್ತಿತ್ತು.

ಎರಡನೆಯ ಕಾರಣ ಹತ್ತಿಕಾಳು. ಹತ್ತಿಬೀಜದಲ್ಲಿ ಗಾಸಿಪಾಲ್ ಎಂಬ ಹಳದಿ ವಸ್ತು ಇದೆ. ಕೀಟಗಳಿಂದ ರಕ್ಷಣೆಗೆಂದು ಗಿಡವೇ ಮಾಡಿಕೊಂಡದ್ದು. ಹಾಲು ಕೊಡುವ ಹಸುವಿಗೆ ಮಿತವಾಗಿ ಕೊಟ್ಟರೆ ತೊಂದರೆಯಿಲ್ಲ, ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಅದು ಬಹುಪಾಲು ನಿಷ್ಕ್ರಿಯವಾಗುತ್ತದೆ. ಆದರೆ ಹೋರಿಗೆ, ಅದರಲ್ಲೂ ಎಳೆಯ ಹೋರಿಗೆ, ಹೆಚ್ಚಾಗಿ ಕೊಟ್ಟಾಗ ವೀರ್ಯಾಣುವಿನ ನಡುಭಾಗವನ್ನೇ ಅದು ಕೆಡಿಸುತ್ತದೆ. ಬಾಲಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳಿರುವುದು ಅಲ್ಲಿಯೇ. ಅವು ಕೆಟ್ಟರೆ ವೀರ್ಯಾಣು ಮುಂದೆ ಸಾಗುವುದೆಂತು? ಎಣ್ಣೆ ತೆಗೆದ ಹಿಂಡಿಯಲ್ಲಿ ಶಾಖದಿಂದಾಗಿ ಇದರ ಉಪದ್ರವ ಸ್ವಲ್ಪ ಕಡಿಮೆ, ಇಡೀ ಕಾಳಿನಲ್ಲಿ ಹೆಚ್ಚು. ಹೋರಿಗೆ ‘ತಾಕತ್ತಿಗಾಗಿ’ ಹತ್ತಿಕಾಳು ಎನ್ನುವ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆ ಎಂದರೆ, ಈ ಕಾರ್ಯಕ್ರಮದ ಚಿತ್ರೀಕರಣದ ವೇಳೆಯಲ್ಲೂ ಮೂರು ಊರುಗಳಲ್ಲಿ ಅದನ್ನೇ ಕೇಳಿದೆ.

ವೈದ್ಯರು ಕೊಟ್ಟ ಚಿಕಿತ್ಸೆಯಲ್ಲಿ ಔಷಧಿ ಹೆಚ್ಚೇನೂ ಇರಲಿಲ್ಲ. ಹತ್ತಿಕಾಳು, ಬೆಣ್ಣೆ, ಮೊಟ್ಟೆ ಬಂದ್. ದಿನವೂ ಬೆಳಗ್ಗೆ ಮತ್ತು ಸಂಜೆ ನಡೆಸಬೇಕು. ಎರಡೂವರೆ ತಿಂಗಳು ಯಾವ ಹಸುವಿಗೂ ಬಿಡಬಾರದು. ದೊಡ್ಡಪ್ಪನಿಗೆ ಎರಡೂವರೆ ತಿಂಗಳು ಎಂಬುದು ವಿಪರೀತವಾಗಿ ಕಂಡಿತು. ಆದರೆ ಅದೂ ಶರೀರಶಾಸ್ತ್ರದ ಲೆಕ್ಕವೇ. ಹೋರಿಯ ವೃಷಣದಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 60 ದಿನ ಬೇಕು. ಅಲ್ಲಿಂದ ನಾಳದಲ್ಲಿ ಸಾಗಿ ಪಕ್ವವಾಗಲು ಇನ್ನೂ ಎಂಟು ಹತ್ತು ದಿನ. ಎಂದರೆ ಇಂದು ಹೋರಿಗೆ ತಿನ್ನಿಸಿದ್ದರ ಫಲ, ಇಂದು ಹೋರಿಗೆ ಬಂದ ಜ್ವರದ ಫಲ ಕಾಣುವುದು ಎರಡು ತಿಂಗಳ ನಂತರ. ಹಸುಗಳು ಬೆದೆಗೆ ಬರುವ ಕಾಲಕ್ಕೆ ಮುಂಚೆ ಒಂದು ವಾರ ಚೆನ್ನಾಗಿ ಮೇಯಿಸಿದರೆ ಸಾಕೆಂಬುದು ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆದಂತೆ. ನೀವು ಬಲ್ಲವರು!

ಎಪ್ಪತ್ತೈದು ದಿನಗಳ ಮೇಲೆ ಮತ್ತೆ ಪರೀಕ್ಷೆ ಮಾಡಿದಾಗ ಹೋರಿ ಪಾಸಾಯಿತು. ಮೈ ಇಳಿದಿತ್ತು, ನಡಿಗೆ ಚುರುಕಾಗಿತ್ತು. ಆ ಹನ್ನೊಂದು ಹಸುಗಳ ಮಾಲೀಕರಿಗೆ ದೊಡ್ಡಪ್ಪ ಹಣ ವಾಪಸು ಕೊಟ್ಟರು. ಕಳೆದ ಆರು ತಿಂಗಳನ್ನು ವಾಪಸು ಕೊಡುವುದು ಅವರ ಕೈಯಲ್ಲಿರಲಿಲ್ಲ. ಅಜ್ಜಿಯ ಮೊಮ್ಮಗಳು ಆ ವರ್ಷ ಹಾಸ್ಟೆಲಿಗೆ ಹೋಗಲಿಲ್ಲ.

ಹಾಗಾದರೆ ಆರಿಸುವಾಗ ಏನು ನೋಡಬೇಕು? ತಳಿಯ ಲಕ್ಷಣಗಳು ಇರಲೇಬೇಕು. ಹಳ್ಳಿಕಾರ್ ಎಂದರೆ ಉದ್ದನೆಯ ಮುಖ, ನಡುವೆ ಗೆರೆ ಬಿದ್ದ ಹಣೆ, ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೆ ಸಾಗಿ ಮತ್ತೆ ಮುಂದಕ್ಕೆ ಬಾಗುವ ಚೂಪು ಕೊಂಬುಗಳು, ಬೂದು ಬಣ್ಣ. 2000ರಲ್ಲಿ ನಮ್ಮ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿಯನ್ನೂ ಹೊರತಂದಿತು. ಇವನ್ನೆಲ್ಲ ಜಾತ್ರೆಗೆ ಬರುವ ಯಾವ ರೈತನಾದರೂ ನಿಮಗಿಂತ ಚೆನ್ನಾಗಿ ಬಲ್ಲ. ಸುಳಿ ನೋಡಿ ಬೆಲೆ ಕಟ್ಟುವವರೂ ಇದ್ದಾರೆ. ಅವರ ಜೊತೆ ವಾದಕ್ಕೆ ಇಳಿಯಬೇಡಿ, ಸುಳಿ ನೋಡಿದ ಮೇಲೆ ಹಿಂದಕ್ಕೂ ಬಂದು ನೋಡಿ ಎನ್ನಿ, ಅಷ್ಟೇ.

ಹೋರಿಯನ್ನು ನಿಂತಲ್ಲೇ ನೋಡಬಾರದು, ನಡೆಸಿ ನೋಡಬೇಕು. ಮುಂಗಾಲು ಊರಿದ ಹೆಜ್ಜೆಯ ಗುರುತಿನ ಮೇಲೆ ಅಥವಾ ಅದರ ಹತ್ತಿರವೇ ಹಿಂಗಾಲು ಬೀಳಬೇಕು. ಹಸುವಿನ ಮೇಲೆ ಹಾರುವಾಗ ಇಡೀ ದೇಹದ ಭಾರ ಹಿಂಗಾಲುಗಳ ಮೇಲೆ ಬೀಳುತ್ತದೆ. ಹಿಂಗಾಲಿನ ಕೀಲು ಕಂಬದಂತೆ ನೆಟ್ಟಗಿದ್ದರೆ ಕೆಲವು ವರ್ಷಗಳಲ್ಲಿ ಕೀಲುನೋವು ಬಂದು ಹೋರಿ ಹಾರಲು ಹಿಂಜರಿಯುತ್ತದೆ, ಕುಡುಗೋಲಿನಂತೆ ಅತಿಯಾಗಿ ಬಾಗಿದ್ದರೂ ಕಷ್ಟ. ಗೊರಸುಗಳು ಸಮನಾಗಿ ಸವೆದಿರಬೇಕು. ಶಿಶ್ನವನ್ನು ಮುಚ್ಚುವ ಚರ್ಮದ ಕೋಶ ಹೊಟ್ಟೆಗೆ ಅಂಟಿಕೊಂಡಂತಿರಬೇಕು. ಜೋತುಬಿದ್ದರೆ ಮುಳ್ಳುಕಂಟಿಗೆ ತಗುಲಿ ಗಾಯವಾಗುತ್ತದೆ. ಹಳ್ಳಿಕಾರ್ ತಳಿಯಲ್ಲಿ ಇದು ಸಹಜವಾಗಿಯೇ ಬಿಗಿ.

ಇನ್ನು ಆ ಮುದುಕ ಬಗ್ಗಿ ನೋಡುತ್ತಿದ್ದ ಭಾಗ. ಎರಡು ವೃಷಣಗಳೂ ಚೀಲಕ್ಕೆ ಇಳಿದಿರಬೇಕು, ಗಾತ್ರದಲ್ಲಿ ಹೆಚ್ಚುಕಡಿಮೆ ಸಮನಾಗಿರಬೇಕು, ಮುಟ್ಟಿದರೆ ಗಟ್ಟಿಯಾಗಿ, ಪುಟಿಯುವಂತಿರಬೇಕು. ಮೆತ್ತಗಿದ್ದರೆ ಅನುಮಾನ, ಕಲ್ಲಿನಂತಿದ್ದರೂ ಅನುಮಾನ. ಚೀಲಕ್ಕೆ ಸ್ಪಷ್ಟವಾದ ಕತ್ತು ಕಾಣಬೇಕು. ಮಾಂಸದ ತಳಿಗಳನ್ನು ಸಾಕುವ ದೇಶಗಳಲ್ಲಿ ಸುತ್ತಳತೆಗೆ ಕೋಷ್ಟಕವೇ ಇದೆ. 15 ತಿಂಗಳವರೆಗಿನ ಹೋರಿಗೆ ಕನಿಷ್ಠ 30 ಸೆಂಟಿಮೀಟರ್, ಎರಡು ವರ್ಷ ದಾಟಿದ್ದಕ್ಕೆ 34. ಈ ಅಂಕಿಗಳನ್ನು ನಮ್ಮ ತಳಿಗೆ ಹಾಗೆಯೇ ಅನ್ವಯಿಸಬಾರದು. ನಮ್ಮವು ಮೈಯಲ್ಲಿ ಚಿಕ್ಕವು, ಪ್ರಾಯಕ್ಕೆ ಬರುವುದೂ ನಿಧಾನ. ಅದೇ ತಳಿಯ, ಅದೇ ವಯಸ್ಸಿನ ನಾಲ್ಕಾರು ಹೋರಿಗಳ ನಡುವೆ ಹೋಲಿಸಿ ದೊಡ್ಡದನ್ನು ಆರಿಸುವುದು ಸರಿಯಾದ ದಾರಿ. ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ವೃಷಣದ ಗಾತ್ರ ಬಹುಮಟ್ಟಿಗೆ ವಂಶದಿಂದ ಬರುವ ಗುಣ. ಗಾತ್ರ ಹೆಚ್ಚಿರುವ ಹೋರಿಯ ಹೆಣ್ಣುಮಕ್ಕಳು ಬೇಗ ಬೆದೆಗೆ ಬರುತ್ತವೆ. ಗಂಡಿನಲ್ಲಿ ಅಳೆದದ್ದು ಹೆಣ್ಣಿನಲ್ಲಿ ಫಲ ಕೊಡುತ್ತದೆ.

ಸಾಧ್ಯವಾದರೆ ಹೋರಿಯ ತಾಯಿಯನ್ನು ನೋಡಿ ಬನ್ನಿ. ಎಷ್ಟು ಕರು ಹಾಕಿದೆ, ಕರುವಿನಿಂದ ಕರುವಿಗೆ ಎಷ್ಟು ತಿಂಗಳ ಅಂತರ, ಕೆಚ್ಚಲು ಹೇಗಿದೆ, ಹತ್ತಿರ ಹೋದರೆ ಹಾಯುತ್ತದೆಯೇ ಎಂದು ವಿಚಾರಿಸಿ. ಜಾತ್ರೆಯಲ್ಲಿ ಕೊಳ್ಳುವವರಿಗೆ ಈ ಅವಕಾಶ ಸಿಗುವುದಿಲ್ಲ. ಆದ್ದರಿಂದಲೇ ಜಾತ್ರೆಯಲ್ಲಿ ಎತ್ತನ್ನು ಕೊಳ್ಳಿ, ಬೀಜದ ಹೋರಿಯನ್ನು ಮಾತ್ರ ಅದು ಹುಟ್ಟಿದ ಮನೆಯಿಂದ ಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಕೊಳ್ಳುವ ಮುಂಚೆ ಕಂದುರೋಗದ, ಅಂದರೆ ಬ್ರೂಸೆಲ್ಲೋಸಿಸ್‌ನ, ರಕ್ತಪರೀಕ್ಷೆ ಆಗಲೇಬೇಕು. ಈ ರೋಗ ತಗುಲಿದ ಹಸುಗಳು ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುತ್ತವೆ. ಮನುಷ್ಯರಿಗೂ ಇದು ಅಂಟುತ್ತದೆ. ಇದರ ಲಸಿಕೆ ಹಾಕುವುದು ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಮಾತ್ರ, ಹೋರಿಗೆ ಹಾಕಿಸುವಂತಿಲ್ಲ. ಹಾಗಾಗಿ ಪರೀಕ್ಷೆಯೊಂದೇ ಉಪಾಯ.

ಆಹಾರದ ವಿಷಯದಲ್ಲಿ ದೊಡ್ಡಪ್ಪ ಆಮೇಲೆ ಅನುಸರಿಸಿದ ಕ್ರಮವನ್ನೇ ಹೇಳುತ್ತೇನೆ. ನೀವೂ ಲೆಕ್ಕ ಹಾಕಿ. ಸುಮಾರು 350 ಕಿಲೋ ತೂಕದ ಹೋರಿಗೆ ದಿನಕ್ಕೆ ದೇಹತೂಕದ ಶೇಕಡಾ ಎರಡರಿಂದ ಎರಡೂವರೆಯಷ್ಟು ಒಣಪದಾರ್ಥ ಬೇಕು, ಅಂದರೆ ಏಳರಿಂದ ಒಂಬತ್ತು ಕಿಲೋ. ಒಣಪದಾರ್ಥ ಎಂದರೆ ಮೇವಿನಿಂದ ನೀರಿನ ಅಂಶವನ್ನು ಕಳೆದು ಉಳಿದದ್ದು. ಹದಿನೈದು ಕಿಲೋ ಹಸಿಮೇವಿನಲ್ಲಿ ಐದನೆಯ ಒಂದು ಭಾಗ ಮಾತ್ರ ಒಣಪದಾರ್ಥ, ಮೂರು ಕಿಲೋ ಆಯಿತು. ನಾಲ್ಕು ಕಿಲೋ ರಾಗಿಹುಲ್ಲಿನಲ್ಲಿ ಸುಮಾರು ಮೂರೂವರೆ. ಒಂದೂವರೆ ಕಿಲೋ ತಿಂಡಿಯಲ್ಲಿ ಒಂದೂಕಾಲಿನ ಮೇಲೆ. ಒಟ್ಟು ಎಂಟು ಕಿಲೋ ಆಸುಪಾಸು. ತಿಂಡಿ ಎಂದರೆ ಬೂಸ, ಹುರುಳಿ ನುಚ್ಚು, ಸ್ವಲ್ಪ ಕಡಲೆಕಾಯಿ ಹಿಂಡಿ. ಅದರಲ್ಲಿ ಪ್ರೋಟೀನಿನ ಅಂಶ ಶೇಕಡಾ 14ರಿಂದ 16 ಇದ್ದರೆ ಧಾರಾಳ. ಜೊತೆಗೆ 50 ಗ್ರಾಂ ಖನಿಜ ಮಿಶ್ರಣ, ಒಂದು ಹಿಡಿ ಉಪ್ಪು, ಬೇಕೆಂದಾಗ ನೀರು.

ಭತ್ತದ ಹುಲ್ಲಿಗಿಂತ ರಾಗಿಹುಲ್ಲು ಮೇಲು, ಸುಣ್ಣದ ಅಂಶ ಅದರಲ್ಲಿ ಹೆಚ್ಚು. ಬೇಸಿಗೆಯಲ್ಲಿ ಬರೀ ಒಣಹುಲ್ಲಿನ ಮೇಲೆ ತಿಂಗಳುಗಟ್ಟಲೆ ನಿಲ್ಲಿಸಿದರೆ ಎ ಜೀವಸತ್ವದ ಕೊರತೆಯಾಗಿ ವೀರ್ಯಾಣು ತಯಾರಿಯೇ ಕುಂಠಿತವಾಗುತ್ತದೆ. ದಿನಕ್ಕೊಂದು ಹೊರೆ ಹಸಿರು ಸಿಕ್ಕದಿದ್ದರೂ ಅಗಸೆಸೊಪ್ಪು, ಅಲಸಂದೆ ಬಳ್ಳಿ ಏನಾದರೂ ಸ್ವಲ್ಪ ಇರಲಿ. ಬೇಯಿಸಿದ ಕಾಳು ಅತಿಯಾದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಗೊರಸಿನ ಒಳಗೆ ಉರಿಯೂತ ಬರುತ್ತದೆ. ಬೆಣ್ಣೆ ಎಣ್ಣೆಗಳು ಹೆಚ್ಚಾದರೆ ಹುಲ್ಲನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳೇ ಮಂಕಾಗುತ್ತವೆ. ಹೋರಿಯ ಮೈ ಸರಿಯಾಗಿದೆಯೇ ಎಂದು ತಿಳಿಯಲು ತಕ್ಕಡಿ ಬೇಡ. ಹಿಂದಿನ ಎರಡು ಪಕ್ಕೆಲುಬುಗಳು ಕಂಡೂ ಕಾಣದಂತಿರಬೇಕು, ಅಂಗೈ ಇಟ್ಟರೆ ಸಿಗಬೇಕು. ಪಕ್ಕೆಲುಬುಗಳೆಲ್ಲ ಎಣಿಸುವಂತಿದ್ದರೆ ತಿಂಡಿ ಹೆಚ್ಚಿಸಿ, ಕೈಗೆ ಸಿಗದಿದ್ದರೆ ಇಳಿಸಿ.

ಕೆಲಸವೂ ಮಿತಿಯಲ್ಲಿರಬೇಕು. ಎರಡೂವರೆ ಮೂರು ವರ್ಷಕ್ಕೆ ಮೊದಲು ಹಳ್ಳಿಕಾರ್ ಹೋರಿಯನ್ನು ಬಿಡುವುದು ಬೇಡ. ಮೊದಲ ವರ್ಷ ವಾರಕ್ಕೆ ಒಂದೋ ಎರಡೋ ಹಸು, ಬಲಿತ ಮೇಲೆ ಮೂರು ನಾಲ್ಕು. ಎಷ್ಟೇ ಸಾಧುವಾಗಿ ಕಂಡರೂ ಹೋರಿಗೆ ಬೆನ್ನು ತೋರಿಸಿ ನಿಲ್ಲಬೇಡಿ. ಸಾಕಿದವರನ್ನೇ ಹಾಯ್ದ ಹೋರಿಗಳುಂಟು.

ಕೃತಕ ಗರ್ಭಧಾರಣೆ ಇರುವಾಗ ಇಷ್ಟೆಲ್ಲ ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಸಂಸ್ಥೆ ಇದೆ. ದ್ರವ ಸಾರಜನಕದಲ್ಲಿ ಸೊನ್ನೆಗಿಂತ 196 ಡಿಗ್ರಿ ಕೆಳಗೆ ಇಡುವ, ಕಾಲು ಮಿಲಿಲೀಟರಿನ ಒಂದೊಂದು ಕಡ್ಡಿಯಲ್ಲಿ ಎರಡು ಕೋಟಿ ವೀರ್ಯಾಣುಗಳಿರುತ್ತವೆ. ರೋಗದ ಭಯ ಕಡಿಮೆ, ಆಯ್ಕೆಯೂ ವಿಶಾಲ. ಆದರೆ ಹಸುವಿನ ಬೆದೆ ಒಂದು ದಿನವೂ ಪೂರ್ತಿ ಇರುವುದಿಲ್ಲ. ಅದನ್ನು ಗುರುತಿಸಿ, ಹೇಳಿಕಳಿಸಿ, ಅವರು ಬರುವಷ್ಟರಲ್ಲಿ ಹೊತ್ತು ಮೀರುವುದುಂಟು. ಹೋರಿ ತಾನೇ ಗುರುತಿಸುತ್ತದೆ, ರಜಾ ಹಾಕುವುದಿಲ್ಲ. ಮೇಲಾಗಿ ಕಡ್ಡಿಯೊಳಗಿನ ವೀರ್ಯವೂ ಎಲ್ಲೋ ಒಂದು ಹೋರಿಯದೇ ಅಲ್ಲವೇ? ಅದನ್ನು ಆರಿಸಿದವರು ನೋಡಿದ್ದೂ ಇದೇ ಸಂಗತಿಗಳನ್ನು.

ಕೊನೆಯದಾಗಿ, ಸಣ್ಣ ಹಿಂಡಿಗೇ ವಿಶೇಷವಾದ ಒಂದು ಅಪಾಯ. ಚೇತರಿಸಿಕೊಂಡ ಆ ಹೋರಿ ದೊಡ್ಡಪ್ಪನಿಗೆ ಪ್ರಾಣವಾಯಿತು. ನಾಲ್ಕನೆಯ ವರ್ಷಕ್ಕೆ ಕಾಲಿಟ್ಟಾಗ ಅದರದೇ ಮೊದಲ ಕಡಸು ಬೆದೆಗೆ ಬಂತು. ದೊಡ್ಡಪ್ಪ ಹಗ್ಗ ಬಿಚ್ಚಲು ಹೊರಟಾಗ ದೊಡ್ಡಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ‘ಮಗಳಿಗೆ ಅಪ್ಪನ್ನೇ ತರ್ತೀರೇನ್ರೀ?’ ಎಂದರು. ದೊಡ್ಡಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೆ ತಳಿವಿಜ್ಞಾನ ಹೇಳುವುದೂ ಅದನ್ನೇ. ಹೋರಿಯ ಬಳಿ ಒಂದು ವಂಶವಾಹಿಯ ಎರಡು ಪ್ರತಿಗಳಿವೆ, ಅ ಮತ್ತು ಬ ಎನ್ನೋಣ. ಮಗಳಿಗೆ ಒಂದು ಹೋಗಿದೆ, ಅ ಎಂದಿಟ್ಟುಕೊಳ್ಳಿ. ಈಗ ಅಪ್ಪ ಮಗಳ ಕರುವಿಗೆ ಅಪ್ಪನಿಂದ ಅದೇ ಅ ಬರುವ ಸಂಭವ ಅರ್ಧ, ಮಗಳಿಂದಲೂ ಅದೇ ಬರುವ ಸಂಭವ ಅರ್ಧ. ಎರಡೂ ಸೇರಿ ಕಾಲು. ಎಂದರೆ ಕರುವಿನ ವಂಶವಾಹಿಗಳಲ್ಲಿ ಸರಾಸರಿ ಶೇಕಡಾ 25 ಒಂದೇ ಮೂಲದ ಜೋಡಿಗಳು. ಅಡಗಿ ಕೂತಿದ್ದ ಯಾವ ದೋಷವಿದ್ದರೂ ಅಲ್ಲಿ ಹೊರಬೀಳುತ್ತದೆ. ಕರುಗಳು ಬಡಕಲಾಗುತ್ತವೆ, ಗಬ್ಬ ಕಟ್ಟುವುದೂ ಕಡಿಮೆಯಾಗುತ್ತದೆ. ನೂರು ಹಸುಗಳ ಹಿಂಡಿನಲ್ಲಿ ನಾಲ್ಕು ಹೋರಿಗಳಿರುತ್ತವೆ, ಹೊಂದಿಸಿಕೊಳ್ಳಬಹುದು. ಆರು ಹಸುಗಳ ಮನೆಯಲ್ಲಿ ಇರುವುದೇ ಒಂದು.

ದೊಡ್ಡಪ್ಪ ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ. ನಾಲ್ಕನೆಯ ದಿನ ಹೋರಿಯನ್ನು ಹೊಡೆದುಕೊಂಡು ನಾಗಮಂಗಲದ ಕಡೆಯ ಒಬ್ಬ ಪರಿಚಯದವರ ಮನೆಗೆ ಹೋದರು. ಅವರ ಬಳಿಯೂ ಅದೇ ವಯಸ್ಸಿನ ಹೋರಿ ಇತ್ತು, ಅವರಿಗೂ ಅದೇ ತೊಡಕು. ಎರಡೂ ಮನೆಯವರು ಒಂದು ಕಾಸಿನ ಲೆಕ್ಕವಿಲ್ಲದೆ ಹೋರಿಗಳನ್ನು ಅದಲುಬದಲು ಮಾಡಿಕೊಂಡರು. ಮರಳಿ ಬಂದ ದಿನ ದೊಡ್ಡಪ್ಪ ನನ್ನ ಹಳೆಯ ಪ್ರಯೋಗಶಾಲೆಯ ನೋಟುಪುಸ್ತಕವೊಂದನ್ನು ಕೇಳಿ ತೆಗೆದುಕೊಂಡರು. ಅದರ ಖಾಲಿ ಹಾಳೆಗಳಲ್ಲಿ ಇಂದಿಗೂ ಅವರ ಮಗ ಬರೆಯುತ್ತಿದ್ದಾನೆ: ಹಸುವಿನ ಹೆಸರು, ಯಾರ ಮನೆಯದು, ಹೋರಿ ಕೊಡಿಸಿದ ತಾರೀಖು, 21 ದಿನಕ್ಕೆ ತಿರುಗಿ ಬಂತೇ ಇಲ್ಲವೇ. ಮೊದಲ ಹಾಳೆಯ ಮೊದಲ ಸಾಲಿನಲ್ಲಿ ಆ ಅಜ್ಜಿಯ ಹಸುವಿನ ಹೆಸರಿದೆ. ಅದರ ಮುಂದೆ ‘ಬಂದಿಲ್ಲ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ.